ಕ್ವಾರ್ಟ್‌ಸೈಟ್: ದೊಡ್ಡ ಗಾಡಿಗಳು ಬೀಡುಬಿಡುವ ಬಯಲು

ಫೀನಿಕ್ಸ್ ಬಿಟ್ಟು ಇಂಟರ್‌ಸ್ಟೇಟ್ 10 ಹಿಡಿದು ಪಶ್ಚಿಮಕ್ಕೆ ಸುಮಾರು ಎರಡು ಗಂಟೆ ಬಂದರೆ ಕ್ವಾರ್ಟ್‌ಸೈಟ್ ಸಿಗುತ್ತದೆ. ಅರಿಜೋನಾ ರಾಜ್ಯದ ಲಾ ಪಾಜ್ ಕೌಂಟಿಯ ಈ ಊರಿನಲ್ಲಿ ವರ್ಷವಿಡೀ ಇರುವ ಜನ ಎರಡೂವರೆ ಸಾವಿರದ ಆಸುಪಾಸು. ಇನ್ನೂ ಮೂವತ್ತು ಕಿಲೋಮೀಟರ್ ಹೋದರೆ ಕೊಲೊರಾಡೊ ನದಿ, ಅದನ್ನು ದಾಟಿದರೆ ಕ್ಯಾಲಿಫೋರ್ನಿಯಾ. ಬೇಸಿಗೆಯಲ್ಲಿ ಇದು ಡೀಸೆಲ್ ತುಂಬಿಸಿಕೊಂಡು ಮುಂದೆ ಹೋಗುವ ಊರು. ಜನವರಿಯಲ್ಲಿ ಬಂದವರಿಗೆ ಕಾಣುವುದು ಬೇರೆಯೇ ಊರು. ಹೆದ್ದಾರಿ 95ರ ಎರಡೂ ಬದಿಯ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರವೂ ಬಿಳಿ ಛಾವಣಿಗಳು, ಸೋಲಾರ್ ಫಲಕಗಳು, ಕಂಬದ ಮೇಲೆ ಹಾರುವ ಬಾವುಟಗಳು. ಅಲ್ಲಿರುವುದೆಲ್ಲ ಗಾಲಿಯ ಮೇಲಿನ ಮನೆಗಳೇ.

ಅಮೆರಿಕದ ಕ್ಯಾಂಪಿಂಗ್ ತಾಣಗಳಲ್ಲಿ ಗಾಡಿ ತೀರಾ ದೊಡ್ಡದಾದರೂ ಕಷ್ಟ, ತೀರಾ ವಿಚಿತ್ರವಾದರೂ ಕಷ್ಟ. ದೊಡ್ಡದಕ್ಕೆ ಜಾಗ ಸಾಲದು, ವಿಚಿತ್ರವಾದದ್ದನ್ನು ಗೇಟಿನಿಂದಲೇ ಹಿಂದೆ ಕಳಿಸುತ್ತಾರೆ. ಎರಡನ್ನೂ ಒಂದೇ ಬಯಲಿನಲ್ಲಿ ನೋಡಬೇಕೆಂದರೆ ಊರಿನ ದಕ್ಷಿಣಕ್ಕಿರುವ ಲಾ ಪೋಸಾಕ್ಕೆ ಹೋಗಬೇಕು.

ಲಾ ಪೋಸಾ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಗೆ ಸೇರಿದ ಜಾಗ. ವಿಸ್ತೀರ್ಣ ಸುಮಾರು 11,400 ಎಕರೆ. ಚಳಿಗಾಲಕ್ಕೆಂದು ದಕ್ಷಿಣಕ್ಕೆ ಇಳಿದು ಬರುವವರು ಮರುಭೂಮಿಯಲ್ಲಿ ಮನಬಂದಲ್ಲಿ ನಿಲ್ಲುತ್ತಿದ್ದುದನ್ನು ಕಂಡು, 1983ರಲ್ಲಿ ಇಲಾಖೆ ಇಂಥ ದೀರ್ಘಾವಧಿ ಬಿಡಾರಗಳನ್ನು ಗುರುತಿಸಿತು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಏಳು ತಿಂಗಳು ಇಲ್ಲಿರಬಹುದು. ಅದಕ್ಕೆ ಬಹುಕಾಲ ಇದ್ದ ಶುಲ್ಕ 180 ಡಾಲರ್, ಎರಡು ವಾರಕ್ಕಾದರೆ 40. ಗಾಡಿಗಾಡಿಗೂ ಗೆರೆ ಎಳೆದ ಜಾಗವಿಲ್ಲ, ಸಂಖ್ಯೆಯಿಲ್ಲ. ಪಕ್ಕದ ಬಿಡಾರದಿಂದ ಕನಿಷ್ಠ ಹದಿನೈದು ಅಡಿ ಬಿಟ್ಟು ನಿಲ್ಲಬೇಕು ಅಷ್ಟೇ. ಆ ಹದಿನೈದು ಅಡಿಗೆ ಅಂಟಿಕೊಂಡವರು ನನಗೆ ಎಲ್ಲೂ ಕಾಣಲಿಲ್ಲ. ಪುಟ್ಟ ವ್ಯಾನಿನವರೂ ಸುತ್ತ ಒಂದು ಕಣದಷ್ಟು ಬಯಲು ಇಟ್ಟುಕೊಂಡೇ ಕೂತಿದ್ದರು.

ಪ್ರವೇಶದ ಕಚೇರಿ ದಾಟಿ ಎಡಕ್ಕೆ ನಡೆದರೆ ಮೊದಲು ಎದುರಾಗುವುದು ದೊಡ್ಡವರ ಬೀದಿ. 45 ಅಡಿ ಉದ್ದದ ಡೀಸೆಲ್ ಮೋಟರ್‌ಹೋಮ್‌ಗಳು ಮೂಗು ಒಂದೇ ದಿಕ್ಕಿಗೆ ಮಾಡಿ ನಿಂತಿವೆ. ಬೆಂಗಳೂರಿನಿಂದ ರಾತ್ರಿ ಹೊರಡುವ ಮಲ್ಟಿ ಆಕ್ಸಲ್ ಐರಾವತದ ಉದ್ದವೂ ಹೆಚ್ಚುಕಡಿಮೆ ಇಷ್ಟೇ. ಇವುಗಳಲ್ಲಿ ಅತಿ ದುಬಾರಿಯಾದವು ನಿಜಕ್ಕೂ ಬಸ್ಸುಗಳೇ. ಕೆನಡಾದ ಕ್ವಿಬೆಕ್‌ನಲ್ಲಿರುವ ಪ್ರೆವೋ ಕಂಪನಿ ಖಾಲಿ ಬಸ್ಸಿನ ಒಡಲು ಕೊಡುತ್ತದೆ, ಬೇರೆ ಕಾರ್ಖಾನೆಯವರು ಅದರೊಳಗೆ ಮನೆ ಕಟ್ಟುತ್ತಾರೆ. ಪ್ರೆವೋ ಈಗ ವೋಲ್ವೊ ಬಳಗದ್ದು, ಐರಾವತ ಕೊಟ್ಟ ಅದೇ ವೋಲ್ವೊ. ಒಳಗಿನ ಕೆಲಸವೆಲ್ಲ ಮುಗಿಯುವಾಗ ಬೆಲೆ ಇಪ್ಪತ್ತು ಲಕ್ಷ ಡಾಲರ್ ದಾಟುವುದುಂಟು.

ಗಾಡಿ ನಿಲ್ಲಿಸಿದ ಮೇಲೆ ಅದು ಮನೆಯಾಗುವ ಬಗೆಯನ್ನು ನಿಂತು ನೋಡಬೇಕು. ಮೊದಲು ಹೊಟ್ಟೆಯಡಿಯಿಂದ ಹೈಡ್ರಾಲಿಕ್ ಜ್ಯಾಕ್‌ಗಳು ಇಳಿದು ಗಾಡಿಯನ್ನು ಮಟ್ಟ ಮಾಡುತ್ತವೆ. ಮರುಭೂಮಿಯ ನೆಲ ಸಡಿಲವಾದ್ದರಿಂದ ಅವುಗಳ ಪಾದದಡಿ ಮೊದಲೇ ಹಲಗೆ ಇಟ್ಟಿರುತ್ತಾರೆ. ಆಮೇಲೆ ಗೋಡೆಗಳೇ ಹೊರಕ್ಕೆ ಸರಿಯುತ್ತವೆ. ಸೋಫಾ, ಅಡುಗೆಕಟ್ಟೆ, ಮಂಚ ಎಲ್ಲವೂ ಗೋಡೆಯ ಜೊತೆಗೇ ಹೊರಗೆ ಬಂದು, ಎಂಟೂವರೆ ಅಡಿ ಅಗಲದ ಬಸ್ಸು ಸಾಕಷ್ಟು ದೊಡ್ಡ ಹಜಾರವಾಗುತ್ತದೆ. ಬೆನ್ನಿಗೆ ಕಟ್ಟಿಕೊಂಡು ಎಳೆದು ತಂದ ಸಣ್ಣ ಕಾರನ್ನು ಬಿಚ್ಚಿ ಪಕ್ಕಕ್ಕೆ ನಿಲ್ಲಿಸುತ್ತಾರೆ. ಹಾಲು, ತರಕಾರಿ ತರಲು ಆ ಕಾರೇ ಬೇಕು, ಏಕೆಂದರೆ ಮನೆಯನ್ನೇ ಅಂಗಡಿಗೆ ಓಡಿಸಲಾಗದು.

ಅದರಾಚೆ ಫಿಫ್ತ್ ವೀಲ್ ಟ್ರೇಲರ್‌ಗಳು. ಇವಕ್ಕೆ ಸ್ವಂತ ಎಂಜಿನ್ ಇಲ್ಲ, ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೊಕ್ಕೆ ಹಾಕಿ ಎಳೆದು ತರಬೇಕು. ಕೆಲವರು ಸರಕು ಎಳೆಯುವ ಲಾರಿಯ ಮೂತಿಯನ್ನೇ ಕೊಂಡು ಅದಕ್ಕೆ ಕಟ್ಟಿದ್ದಾರೆ. ಹಿಂಬಾಗಿಲು ಬಿಚ್ಚಿ ಇಳಿಜಾರು ಹಲಗೆಯಾಗುವ ಟ್ರೇಲರ್‌ಗಳೂ ಇವೆ. ಮುಂದೆ ಮಲಗುವ ಕೋಣೆ, ಹಿಂದೆ ಮರಳಿನಲ್ಲಿ ಓಡಿಸುವ ಬಗ್ಗಿಗಳ ಗ್ಯಾರೇಜು. ನಿವೃತ್ತ ಆಂಬುಲೆನ್ಸುಗಳನ್ನು, ಸೇನೆಯಿಂದ ಹರಾಜಿಗೆ ಬಂದ ಎತ್ತರದ ಟ್ರಕ್ಕುಗಳ ಮೇಲೆ ಕೂರಿಸಿದ ಡಬ್ಬಿ ಮನೆಗಳನ್ನು ಕೂಡ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಇಷ್ಟು ದೊಡ್ಡ ಗಾಡಿಗಳು ಬೇರೆಡೆ ಏಕೆ ಹಿಡಿಸುವುದಿಲ್ಲ? ಕ್ಯಾಂಪಿಂಗ್ ತಾಣದ ಇಂದಿನ ರೂಪವೇ ಗಾಡಿಗಳಿಗೆ ಲಗಾಮು ಹಾಕಲು ಹುಟ್ಟಿದ್ದು. 1920ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಕಾರು ಕೊಂಡವರು ನೇರವಾಗಿ ಕಾಡಿಗೆ ನುಗ್ಗಿ ಮರದ ಬುಡದಲ್ಲೇ ಬೀಡುಬಿಡುತ್ತಿದ್ದರು. ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗ ತಜ್ಞರು ರೆಡ್‌ವುಡ್ ಮರಗಳ ಬುಡ ಪರೀಕ್ಷಿಸಿ, ಜನರ ತುಳಿತಕ್ಕೂ ಗಾಲಿಗಳ ಭಾರಕ್ಕೂ ಮಣ್ಣು ಗಟ್ಟಿಯಾಗಿ ಬೇರುಗಳು ಸೊರಗುತ್ತಿರುವುದನ್ನು ತೋರಿಸಿದರು. 1930ರ ದಶಕದ ಆರಂಭದಲ್ಲಿ ಅವರೇ ಪರಿಹಾರವನ್ನೂ ಬರೆದುಕೊಟ್ಟರು: ಒಮ್ಮುಖದ ಬಳಸುದಾರಿ, ಅದರಿಂದ ಓರೆಯಾಗಿ ಕವಲೊಡೆದ ಒಂದೊಂದು ಗಾಡಿಯ ಜಾಗ, ಅದರಾಚೆ ಗಾಲಿ ಹೋಗದಂತೆ ಬಂಡೆ ಅಥವಾ ದಿಮ್ಮಿ, ಅಲ್ಲೇ ನೆಲಕ್ಕೆ ಊರಿದ ಮೇಜು ಮತ್ತು ಒಲೆ. ಅಮೆರಿಕದ ಉದ್ಯಾನಗಳಲ್ಲಿ ಇವತ್ತಿಗೂ ಕಾಣುವ ನಕ್ಷೆ ಇದೇ. ಮರ ಉಳಿಸಿದ ಆ ನಕ್ಷೆಯ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ಕವಲುಗಳನ್ನು ಅಳೆದದ್ದು ಅಂದಿನ ಕಾರಿಗೆ, ಹೆಚ್ಚೆಂದರೆ ಅದು ಎಳೆಯುವ ಪುಟ್ಟ ಟ್ರೇಲರಿಗೆ. ಗಾಡಿಗಳು ಬೆಳೆದವು, ಮರಗಳ ನಡುವಿನ ಅಂತರ ಬೆಳೆಯಲಿಲ್ಲ.

ರಸ್ತೆಗಳೂ ಹಾಗೆಯೇ. ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನದ ಪರ್ವತ ರಸ್ತೆಯ ನಡುಭಾಗಕ್ಕೆ 21 ಅಡಿಗಿಂತ ಉದ್ದದ, ಕನ್ನಡಿಯೂ ಸೇರಿ 8 ಅಡಿಗಿಂತ ಅಗಲದ ಗಾಡಿಯನ್ನು ಬಿಡುವುದಿಲ್ಲ. ಜಯಾನ್ ಉದ್ಯಾನದಲ್ಲಿ 1930ರಲ್ಲಿ ತೆರೆದ ಸುರಂಗವೊಂದಿದೆ. ದೊಡ್ಡ ಮೋಟರ್‌ಹೋಮ್ ಅದರ ಕಮಾನಿಗೆ ತಾಗದೆ ಹೋಗಬೇಕೆಂದರೆ ನಟ್ಟನಡುವೆಯೇ ಹೋಗಬೇಕು, ಅದಕ್ಕಾಗಿ ಎದುರಿನ ವಾಹನಗಳನ್ನೆಲ್ಲ ತಡೆದು ನಿಲ್ಲಿಸುತ್ತಿದ್ದರು. ಲಾಸ್ ಏಂಜಲೀಸ್‌ನಿಂದಲೋ ಸ್ಯಾನ್ ಹೊಸೆಯಿಂದಲೋ ಮಕ್ಕಳ ರಜೆಗೆ ಬಾಡಿಗೆ ಗಾಡಿ ಹಿಡಿದು ಗ್ರ್ಯಾಂಡ್ ಕ್ಯಾನಿಯನ್‌ಗೆ ಹೊರಡುವ ಕನ್ನಡದ ಕುಟುಂಬಗಳಿಗೆ ಈ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಇನ್ನೊಂದು ಮಂಚ ಸಿಗುತ್ತದೆಂದು ದೊಡ್ಡದನ್ನು ಆರಿಸುವ ಮುನ್ನ, ತಂಗುವ ತಾಣದ ಕವಲು ಎಷ್ಟು ಅಡಿ ಎಂದು ನೋಡಿಕೊಳ್ಳಬೇಕು. 25 ಅಡಿಯೊಳಗಿನ ಗಾಡಿಗೆ ತೆರೆಯುವ ಬಾಗಿಲುಗಳು ಬಹಳ.

ಲಾ ಪೋಸಾದ ಒಳಗೆ ಹೋದಷ್ಟೂ ಬಣ್ಣ ಹೆಚ್ಚುತ್ತದೆ. ಇಲ್ಲಿ ಹಳೆಯ ಶಾಲಾ ಬಸ್ಸುಗಳು. ಹಸಿರು, ನೀಲಿ, ಒಂದಂತೂ ಪೂರ್ತಿ ಕಾವಿಮಣ್ಣಿನ ಬಣ್ಣ. ಅಮೆರಿಕದ ಶಾಲಾ ಬಸ್ಸಿನ ಹಳದಿ ನಿಗದಿಯಾದದ್ದು 1939ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಕರೆದ ಸಭೆಯಲ್ಲಿ. ಮುಂಜಾನೆಯ ಮಬ್ಬಿನಲ್ಲೂ ಆ ಬಣ್ಣದ ಮೇಲಿನ ಕಪ್ಪು ಅಕ್ಷರ ಓದಲು ಸಿಗುತ್ತದೆ. ಮಕ್ಕಳನ್ನು ಸಾಗಿಸದ ಬಸ್ಸಿಗೆ ಆ ಬಣ್ಣ ಇರಬಾರದೆಂದು ಹಲವು ರಾಜ್ಯಗಳ ಕಾನೂನು ಹೇಳುತ್ತದೆ. ಹೀಗಾಗಿ ಬಸ್ಸು ಕೊಂಡವರ ಮೊದಲ ಕೆಲಸವೇ ಬಣ್ಣ ಬಳಿಯುವುದು, ಬದಿಯ 'ಸ್ಟಾಪ್' ಫಲಕ ಕಿತ್ತು ತೆಗೆಯುವುದು.

ಮಣ್ಣಿನ ಬಣ್ಣದ ಬಸ್ಸಿನ ದಂಪತಿ ಒಳಗೆ ಕರೆದು ಚಹಾ ಕೊಟ್ಟರು. ಗಂಡ ಮರಗೆಲಸದವರು, ಹೆಂಡತಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ಬಸ್ಸಿನ ಛಾವಣಿ ಒಳಗಿನಿಂದ ಆರಡಿ ಚಿಲ್ಲರೆ, ಗಂಡ ಅದಕ್ಕಿಂತ ಎತ್ತರ. ಛಾವಣಿಯ ಕಬ್ಬಿಣದ ಪಕ್ಕೆಲುಬುಗಳನ್ನೆಲ್ಲ ಕಿಟಕಿಯ ಮಟ್ಟದಲ್ಲಿ ಕೊಯ್ದು, ಜ್ಯಾಕ್ ಹಾಕಿ ಮೇಲೆತ್ತಿ, ನಡುವೆ ಹೊಸ ಉಕ್ಕು ಬೆಸುಗೆ ಹಾಕಿಸಿದ್ದಾರೆ. ಎಂಜಿನ್ ಹಳೆಯದೇ, ಇಂಟರ್‌ನ್ಯಾಷನಲ್ ಕಂಪನಿಯ ಡಿಟಿ466. ಈ ಎಂಜಿನ್ನಿನ ಹೆಸರು ಹೇಳುವಾಗ ಬಸ್ಸುವಾಸಿಗಳ ಮುಖ ಅರಳುತ್ತದೆ.

"ಖಾಸಗಿ ಪಾರ್ಕುಗಳಲ್ಲಿ ಜಾಗ ಸಿಗುತ್ತದೆಯೇ?" ಎಂದು ಕೇಳಿದೆ.

"ಫೋನಿನಲ್ಲಿ ಸಿಗುತ್ತದೆ" ಎಂದರು ಆಕೆ. "ಗಾಡಿ ಯಾವುದು ಅಂತ ಹೇಳುವ ತನಕ."

ಇಂಥ ಗಾಲಿಮನೆಗಳು ತಂಗುವ ಅಮೆರಿಕದ ಅನೇಕ ಖಾಸಗಿ ಆರ್.ವಿ. ಪಾರ್ಕುಗಳಲ್ಲಿ ಹತ್ತು ವರ್ಷದ ನಿಯಮ ಎಂಬುದೊಂದಿದೆ. ಗಾಡಿ ಅದಕ್ಕಿಂತ ಹಳೆಯದಾಗಿದ್ದರೆ ಫೋಟೊ ಕಳಿಸಿ ಒಪ್ಪಿಗೆ ಪಡೆಯಬೇಕು, ಎಷ್ಟೋ ಕಡೆ ಅದೂ ಇಲ್ಲ. ಕಾರ್ಖಾನೆಯಲ್ಲಿ ಕಟ್ಟಿದ ಗಾಡಿಗೆ ಉದ್ಯಮ ಸಂಘ ಅಂಟಿಸುವ ಮುದ್ರೆಯನ್ನೂ ಕೇಳುತ್ತಾರೆ. ಕೈಯಾರೆ ಕಟ್ಟಿಕೊಂಡ ಬಸ್ಸಿಗೆ ಆ ಮುದ್ರೆ ಎಲ್ಲಿಂದ ಬರಬೇಕು? ಕೆಟ್ಟ ವೈರಿಂಗಿನಿಂದ ಬೆಂಕಿ ಬಿದ್ದೀತು, ಕೆಟ್ಟುನಿಂತ ಗಾಡಿ ಅಲ್ಲೇ ಉಳಿದೀತು ಎಂಬ ಪಾರ್ಕಿನವರ ಭಯ ಸುಳ್ಳಲ್ಲ. ಆದರೆ ವೈರಿಂಗನ್ನು ಪರೀಕ್ಷಿಸಬಹುದು, ವಯಸ್ಸು ನೋಡಿ ಬಾಗಿಲು ಹಾಕುವುದು ಬಡವರನ್ನು ಹೊರಗಿಡುವ ಸುಲಭದ ದಾರಿಯಾಗಿಬಿಡುತ್ತದೆ. ಬಾಡಿಗೆ ಕಟ್ಟಲಾಗದೆ ಗಾಡಿಗೆ ಬಂದವರು ಈ ಬಯಲಿನಲ್ಲಿ ಬೇಕಾದಷ್ಟಿದ್ದಾರೆ. ಜೆಸಿಕಾ ಬ್ರೂಡರ್ 2017ರ ತಮ್ಮ 'ನೋಮ್ಯಾಡ್‌ಲ್ಯಾಂಡ್' ಪುಸ್ತಕದಲ್ಲಿ ಬರೆದದ್ದು ಇಂಥವರ ಬಗ್ಗೆಯೇ. ಗಾಡಿಯಲ್ಲೇ ಬದುಕುವುದನ್ನು ಹೊಸಬರಿಗೆ ಕಲಿಸಲೆಂದು ಬಾಬ್ ವೆಲ್ಸ್ 2010ರಲ್ಲಿ ಆರಂಭಿಸಿದ ಚಳಿಗಾಲದ ಕೂಟವೂ ಹುಟ್ಟಿದ್ದು ಇದೇ ಕ್ವಾರ್ಟ್‌ಸೈಟಿನ ಬಯಲಿನಲ್ಲಿ.

ಹಾಗಾದರೆ ಲಾ ಪೋಸಾದಲ್ಲಿ ಏನನ್ನೂ ಕೇಳುವುದಿಲ್ಲವೇ? ಕೇಳುತ್ತಾರೆ, ಕೊಳಕು ನೀರಿನ ಟ್ಯಾಂಕು ಇದೆಯೇ ಎಂದು. ಗಾಡಿಗೇ ಭದ್ರವಾಗಿ ಜೋಡಿಸಿದ, ಕನಿಷ್ಠ 10 ಗ್ಯಾಲನ್ ಹಿಡಿಯುವ ಟ್ಯಾಂಕು ಇರಲೇಬೇಕು. ಇಲ್ಲದವರು ಸಾರ್ವಜನಿಕ ಶೌಚಾಲಯದಿಂದ 500 ಅಡಿಯೊಳಗೇ ನಿಲ್ಲಬೇಕು. ಉದ್ದ ಎಷ್ಟು, ಹಳೆಯದೆಷ್ಟು ಎಂಬ ಪ್ರಶ್ನೆಗಳಿಗಿಂತ ಇದು ನನಗೆ ಎಷ್ಟೋ ನ್ಯಾಯವಾಗಿ ಕಂಡಿತು. ಸಾವಿರಾರು ಗಾಡಿ ಸೇರುವ ಬಯಲನ್ನು ಕೆಡಿಸುವುದು ಗಾಡಿಯ ರೂಪವಲ್ಲ, ಅದರಿಂದ ಸುರಿಯುವ ನೀರು.

ದಿನದ ಓಡಾಟವೆಲ್ಲ ನಡೆಯುವುದೂ ಈ ಟ್ಯಾಂಕುಗಳ ಸುತ್ತಲೇ. ಗಾಡಿಯಲ್ಲಿ ಮೂರು ಟ್ಯಾಂಕು: ಕುಡಿಯುವ ನೀರಿಗೊಂದು, ಸ್ನಾನ ಮತ್ತು ಪಾತ್ರೆ ತೊಳೆದ ನೀರಿಗೊಂದು, ಶೌಚಕ್ಕೊಂದು. ದೊಡ್ಡ ಮೋಟರ್‌ಹೋಮ್ ನೂರು ಗ್ಯಾಲನ್, ಅಂದರೆ 380 ಲೀಟರಿನಷ್ಟು ಒಳ್ಳೆಯ ನೀರು ಹೊತ್ತಿರುತ್ತದೆ. ಮಿತವಾಗಿ ಬಳಸಿದರೆ ಇಬ್ಬರಿಗೆ ಎರಡು ವಾರ. ಮುಗಿದಾಗ ಜ್ಯಾಕ್ ಎತ್ತಿ, ಗೋಡೆ ಒಳಗೆಳೆದು, ಇಡೀ ಮನೆಯನ್ನು ಕೊಳಕು ನೀರು ಸುರಿಯುವ ಡಂಪ್ ಸ್ಟೇಷನ್ನಿಗೆ ಓಡಿಸಿಕೊಂಡು ಹೋಗಬೇಕು. ಅದಕ್ಕೆ ಬೇಸರಪಡುವವರ ಬಳಿಗೆ ಹೀರುವ ಲಾರಿ, ನೀರಿನ ಲಾರಿ ಎರಡೂ ಬರುತ್ತವೆ. ಡಂಪ್ ಸ್ಟೇಷನ್ನಿನ ಸರದಿಯಲ್ಲಿ ಪ್ರೆವೋದ ಹಿಂದೆ ಶಾಲಾ ಬಸ್ಸು, ಅದರ ಹಿಂದೆ ಆಂಬುಲೆನ್ಸು ನಿಂತಿದ್ದವು. ಪ್ರೆವೋದ ಯಜಮಾನರು ಕೈಗವಸು ಹಾಕಿಕೊಂಡು ಪೈಪು ತೊಳೆಯುತ್ತಲೇ, ಹಿಂದಿನ ಹುಡುಗನಿಗೆ ವಾಲ್ವು ಯಾವ ಕ್ರಮದಲ್ಲಿ ತೆರೆಯಬೇಕೆಂದು ಹೇಳಿಕೊಡುತ್ತಿದ್ದರು. ಮೊದಲು ಶೌಚದ್ದು, ಆಮೇಲೆ ಸ್ನಾನದ್ದು. ಕೊನೆಗೆ ಹರಿಯುವ ಸಾಬೂನಿನ ನೀರೇ ಪೈಪನ್ನು ತೊಳೆದುಕೊಡುತ್ತದೆ.

ವಿದ್ಯುತ್ ಸಂಪರ್ಕ ಇಲ್ಲಿಲ್ಲ. ಪಾರ್ಕುಗಳಲ್ಲಿ ದೊಡ್ಡ ಗಾಡಿಗೆ 50 ಆಂಪಿಯರ್ ಸಂಪರ್ಕ ಬೇಕೇ ಬೇಕು, ಇಲ್ಲಿ ಎಲ್ಲರಿಗೂ ಬಿಸಿಲೇ ಗತಿ. ಛಾವಣಿ ಉದ್ದವಾದಷ್ಟೂ ಫಲಕ ಹೆಚ್ಚು. ಉದ್ದದಿಂದ ಲಾಭವಾಗುವ ಜಾಗ ಇದೊಂದೇ ಇರಬೇಕು.

ನನ್ನನ್ನು ಕಾಡಿದ್ದು ನೆಲ. ಮರುಭೂಮಿಯೆಂದರೆ ಬರೀ ಮರಳಲ್ಲ. ಇಲ್ಲಿ ಚಿಕ್ಕ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು, ಮೇಲೆ ಕಪ್ಪು ಮೆರುಗು ಹತ್ತಿ, ಹಾಸಿದಂತೆ ಕೂತಿರುತ್ತವೆ. ಈ ಹಾಸು ಕೂಡಿಬರಲು ಸಾವಿರಾರು ವರ್ಷ ಬೇಕು, ಒಡೆಯಲು ಭಾರದ ಗಾಲಿಯೊಂದು ಸಾಕು. ಅಮೆರಿಕ ಸೇನೆಯ ಜನರಲ್ ಪ್ಯಾಟನ್ ಶುರುಮಾಡಿದ ಮರುಭೂಮಿ ತರಬೇತಿ ಕೇಂದ್ರ 1942ರಿಂದ 44ರವರೆಗೆ ಕ್ಯಾಲಿಫೋರ್ನಿಯಾ, ಅರಿಜೋನಾಗಳ ಈ ಸೀಮೆಯಲ್ಲೇ ಹರಡಿತ್ತು. ಅಂದು ಓಡಾಡಿದ ಯುದ್ಧಟ್ಯಾಂಕುಗಳ ಹಾದಿ ಈಗಲೂ ನೆಲದ ಮೇಲೆ ಕಾಣುತ್ತದೆ. ಇಪ್ಪತ್ತು ಟನ್ನಿನ ಮೋಟರ್‌ಹೋಮ್ ದಾರಿ ಬಿಟ್ಟು ಹತ್ತು ಮಾರು ಒಳಗೆ ಹೋದರೂ ಹಾಗೇ. ಹಳೆಯ ಚಕ್ರದ ಗುರುತು ಇರುವಲ್ಲೇ ಗಾಡಿ ಓಡಿಸಿ ಎಂದು ಅನುಭವಸ್ಥರು ಹೊಸಬರಿಗೆ ಹೇಳುವುದು ಇದಕ್ಕೇ. ಒಣಗಿದ ಹಳ್ಳದ ಪಾತ್ರದಲ್ಲಿ ನಿಲ್ಲಬೇಡಿ ಎಂದೂ ಹೇಳುತ್ತಾರೆ. ದೂರದ ಬೆಟ್ಟದಲ್ಲಿ ಮಳೆ ಬಿದ್ದರೆ ಅಲ್ಲಿ ನೀರು ನುಗ್ಗುತ್ತದೆ, 45 ಅಡಿಯ ಗಾಡಿ ಜ್ಯಾಕ್ ಎತ್ತಿಕೊಂಡು ಹೊರಡುವಷ್ಟು ಪುರುಸೊತ್ತು ಕೊಡುವುದಿಲ್ಲ.

ಬಿಡಾರ ಬಿಟ್ಟು ಊರಿಗೆ ಬಂದರೆ, ಅಲ್ಲಿನ ಸ್ಮಶಾನದಲ್ಲಿ ಒಂಟೆಯನ್ನು ನೆತ್ತಿಗೇರಿಸಿದ ಕಲ್ಲಿನ ಪಿರಮಿಡ್ ಇದೆ. ಅಮೆರಿಕದ ಸೇನೆ ಈ ಒಣನಾಡಿನಲ್ಲಿ ಸಾಮಾನು ಸಾಗಿಸಲು 1856ರಲ್ಲಿ ಒಂಟೆಗಳನ್ನು ತರಿಸಿದಾಗ ಅವುಗಳ ಜೊತೆ ಬಂದ ಹಾಜಿ ಅಲಿಯ ಸಮಾಧಿ ಅದು. ಇಲ್ಲಿಯವರ ಬಾಯಲ್ಲಿ ಅವನು ಹೈ ಜಾಲಿ. ಅವನು ತೀರಿಕೊಂಡದ್ದು 1902ರಲ್ಲಿ, ರಾಜ್ಯದ ಹೆದ್ದಾರಿ ಇಲಾಖೆಯವರು ಪಿರಮಿಡ್ ಕಟ್ಟಿಸಿದ್ದು 1935ರಲ್ಲಿ. ರಸ್ತೆ ಹಾಕುವವರು ಒಂಟೆಯವನಿಗೆ ಗೋರಿ ಕಟ್ಟಿಸಿದ್ದನ್ನು ನೋಡಲೆಂದೇ ಬಿಡಾರದವರು ಒಮ್ಮೆಯಾದರೂ ಬಂದು ಹೋಗುತ್ತಾರೆ.

ಏಪ್ರಿಲ್ 15ಕ್ಕೆ ಏಳು ತಿಂಗಳ ಬೀಡು ಮುಗಿಯುತ್ತದೆ. ಆ ಹೊತ್ತಿಗೆ ಬಿಸಿಲೂ ಏರತೊಡಗಿರುತ್ತದೆ. ದೊಡ್ಡ ಮೋಟರ್‌ಹೋಮಿನವರು ತಮ್ಮ ಉದ್ದಕ್ಕೆ ಹೊಂದುವ ಪಾರ್ಕುಗಳನ್ನು ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಿಕೊಂಡಿದ್ದಾರೆ. ಬಸ್ಸಿನ ದಂಪತಿಗೆ ಆ ದಾರಿ ಇಲ್ಲ. ಉತ್ತರದ ಫ್ಲಾಗ್‌ಸ್ಟಾಫ್ ಸುತ್ತಲಿನ ರಾಷ್ಟ್ರೀಯ ಅರಣ್ಯಕ್ಕೆ ಹೋಗುತ್ತಾರಂತೆ. ಏಳು ಸಾವಿರ ಅಡಿ ಎತ್ತರ, ಪೈನ್ ಮರಗಳ ನೆರಳು, ದುಡ್ಡು ಕೊಡಬೇಕಿಲ್ಲ. ಆದರೆ ಒಂದು ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಮೇಲೆತ್ತಿಸಿದ ಛಾವಣಿ ಯಾವ ಕೊಂಬೆಗೂ ತಾಗದಂಥ ಕಾಡುದಾರಿಗಳನ್ನು ಆಕೆ ನಕ್ಷೆಯಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡುತ್ತಿದ್ದರು. ಅಕ್ಟೋಬರಿಗೆ ಮತ್ತೆ ಇಲ್ಲಿಗೇ ಬರುವುದು ಎಂದರು.