ರಂಗಭೂಮಿ ಕೊಟ್ಟ ನಡಿಗೆ

ಫ್ರೆಂಚ್ ನಟಿ ಝಾನ್ ಮೊರೊ ಎಂದರೆ ಸಿನಿಮಾಪ್ರಿಯರಿಗೆ ಥಟ್ಟನೆ ನೆನಪಾಗುವುದು 1958ರಲ್ಲಿ ತೆರೆಕಂಡ ‘ಎಲಿವೇಟರ್ ಟು ದ ಗ್ಯಾಲೋಸ್’ ಚಿತ್ರದ ಒಂದು ರಾತ್ರಿ. ಪ್ರಿಯಕರ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದಾನೆಂದು ತಿಳಿಯದ ನಾಯಕಿ ಅವನನ್ನು ಹುಡುಕುತ್ತ ಪ್ಯಾರಿಸ್ಸಿನ ಬೀದಿಗಳಲ್ಲಿ ಅಲೆಯುತ್ತಾಳೆ. ಛಾಯಾಗ್ರಾಹಕ ಆಂರಿ ದೆಕೇ ಸ್ಟುಡಿಯೋ ದೀಪಗಳನ್ನು ಬಿಟ್ಟು ಅಂಗಡಿಗಳ ಬೆಳಕನ್ನೇ ನೆಚ್ಚಿದರು. ಕ್ಯಾಮೆರಾವನ್ನು ಮಗುವಿನ ತಳ್ಳುಗಾಡಿಯಲ್ಲಿ ಕೂರಿಸಿ ಆಕೆಯ ಜೊತೆಜೊತೆಗೇ ಸಾಗಿಸಿದರು. ಬಣ್ಣ ಬಳಿಯದ ಮುಖ, ದಣಿದ ಕಣ್ಣು, ಹಿನ್ನೆಲೆಗೆ ಮೈಲ್ಸ್ ಡೇವಿಸ್‌ ಟ್ರಂಪೆಟ್. ನಿರ್ದೇಶಕ ಲೂಯಿ ಮಾಲ್‌ಗೆ ಆಗಿನ್ನೂ ಇಪ್ಪತ್ತೈದರ ಆಸುಪಾಸು. ಸಾಧಾರಣ ಚಿತ್ರಗಳಲ್ಲಿ ಕಳೆದುಹೋಗಿದ್ದ ನಟಿಯನ್ನು ಈ ಹುಡುಗ ಕಂಡುಹಿಡಿದ ಎಂಬುದು ಅಂದಿನಿಂದ ಚಾಲ್ತಿಯಲ್ಲಿರುವ ಕಥೆ. ಅದು ಅರ್ಧ ಮಾತ್ರ ನಿಜ.

ಮಾಲ್ ಕೈಗೆ ಬರುವ ಹೊತ್ತಿಗೆ ಮೊರೊ ಹತ್ತು ವರ್ಷ ರಂಗದಲ್ಲಿ ಪಳಗಿದ್ದರು. 1928ರಲ್ಲಿ ಹುಟ್ಟಿದ ಆಕೆ 1947ರಲ್ಲಿ ಅವಿನ್ಯೋಂ ನಾಟಕೋತ್ಸವದ ಮೊದಲ ವರ್ಷದಲ್ಲೇ ರಂಗವೇರಿದರು. ಇಪ್ಪತ್ತರ ಸುಮಾರಿಗೆ ಫ್ರಾನ್ಸಿನ ಪ್ರತಿಷ್ಠಿತ ನಾಟಕಸಂಸ್ಥೆ ಕಾಮೆದಿ ಫ್ರಾಂಸೇಸ್ ಸೇರಿದರು. ಅಲ್ಲಿ ಮಾತಿನ ಶಿಸ್ತು ಕಲಿತದ್ದು ಸರಿಯೇ. ಆದರೆ ಹೆಚ್ಚು ಮುಖ್ಯವಾದ ಪಾಠ ಅವಿನ್ಯೋಂ ಉತ್ಸವದ ನಿರ್ದೇಶಕ ಝಾಂ ವಿಲಾರ್ ಅವರದು ಎಂದು ನನಗನ್ನಿಸುತ್ತದೆ. ಅವಿನ್ಯೋಂನ ಪೋಪರ ಅರಮನೆಯ ಬಯಲಂಗಳದಲ್ಲಿ ವಿಲಾರ್ ನಾಟಕವಾಡಿಸುತ್ತಿದ್ದದ್ದು ಹೆಚ್ಚುಕಡಿಮೆ ಬರಿದಾದ ವೇದಿಕೆಯ ಮೇಲೆ. ಪರದೆಯಿಲ್ಲ, ರಂಗಸಜ್ಜಿಕೆಯಿಲ್ಲ, ಒರಗಿಕೊಳ್ಳಲು ಒಂದು ಕಂಬವೂ ಇಲ್ಲದ ಕಡೆ ನಟಿಗೆ ಉಳಿಯುವುದು ತನ್ನ ಮೈ ಮತ್ತು ದನಿ ಮಾತ್ರ. ದೂರದ ಪ್ರೇಕ್ಷಕನಿಗೂ ಪಾತ್ರದ ಮನಸ್ಸು ನಡಿಗೆಯಲ್ಲೇ ತಿಳಿಯಬೇಕು. ಪ್ಯಾರಿಸ್ ಬೀದಿಯಲ್ಲಿ ಹೆಚ್ಚು ಮಾತಿಲ್ಲದೆ ಆಕೆ ದೃಶ್ಯವನ್ನು ಹೊತ್ತು ನಡೆದದ್ದು ಈ ಅಭ್ಯಾಸದ ಬಲದಿಂದ. 1956ರಲ್ಲಿ ಪೀಟರ್ ಬ್ರೂಕ್ ನಿರ್ದೇಶನದ ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ ನಾಟಕದಲ್ಲಿ ಮ್ಯಾಗಿಯ ಪಾತ್ರ ವಹಿಸಿದವರೂ ಆಕೆಯೇ. ಅಂಥವರನ್ನು ‘ಕಂಡುಹಿಡಿಯುವುದು’ ಏನಿತ್ತು?

ಹಾಗಿದ್ದರೆ ಅದೇ ಹತ್ತು ವರ್ಷಗಳ ಸಿನಿಮಾಗಳಲ್ಲಿ ಆಕೆ ಯಾಕೆ ಮಿಂಚಲಿಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಕಾಲದ ಸ್ಟುಡಿಯೋ ಪದ್ಧತಿ ಚೆಲುವಿಗೆ ಒಂದೇ ಅಳತೆಗೋಲು ಹಿಡಿದಿತ್ತು. ಮೊರೊ ಅದಕ್ಕೆ ಹೊಂದಲಿಲ್ಲ. ದಟ್ಟ ಮೇಕಪ್ಪೂ ಹದವಾದ ದೀಪವೂ ಸೇರಿ ಆಕೆಯ ಮುಖದ ಗುಣವನ್ನೇ ಅಳಿಸುತ್ತಿದ್ದವು. ಮಾಲ್ ಮತ್ತು ದೆಕೇ ಆ ಮುಸುಕು ತೆಗೆದರು. ಆ ಶ್ರೇಯಸ್ಸು ಅವರದೇ. ಇನ್ನು ನಾಟಕದವರು ಕ್ಯಾಮೆರಾ ಮುಂದೆ ಅತಿಯಾಗಿ ನಟಿಸುತ್ತಾರೆಂಬ ಆಕ್ಷೇಪಕ್ಕೆ, 1960ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ತಂದ ‘ಮೊದೆರಾತೊ ಕಾಂತಾಬಿಲೆ’ ನೋಡಿದರೆ ಸಾಕು: ಅಷ್ಟು ತಗ್ಗಿದ ಅಭಿನಯ ಅದು.

ತ್ರೂಫೋ, ಆಂತೊನಿಯೋನಿ, ಬುನ್ಯುಯೆಲ್, ಆರ್ಸನ್ ವೆಲ್ಸ್ ಚಿತ್ರಗಳ ಖ್ಯಾತಿಯ ನಂತರವೂ ಆಕೆ ರಂಗವನ್ನು ಬಿಡಲಿಲ್ಲ. 1986ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಹೆಚ್ಚುಕಡಿಮೆ ಒಬ್ಬರೇ ನಿಂತು ಮುದಿ ಸೇವಕಿ ತ್ಸೆರ್ಲಿನೆಯ ಕಥೆ ಹೇಳುವ ನಾಟಕವಾಡಿದರು. ಫ್ರೆಂಚ್ ರಂಗಭೂಮಿಯ ಮೋಲಿಯೇರ್ ಪ್ರಶಸ್ತಿ 1988ರಲ್ಲಿ ಅದಕ್ಕೆ ಬಂತು; ಸಿನಿಮಾದ ಸೆಸಾರ್ ಪ್ರಶಸ್ತಿಗೆ ಆಕೆ 1992ರವರೆಗೆ ಕಾಯಬೇಕಾಯಿತು.