ಗುಡ್ಡವನ್ನು ಅದರ ಜಾಗಕ್ಕೆ ತರುವ ಲೆಕ್ಕ

2005ರ ಮೇ 5ರಂದು ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮೆರಾಗಳಿದ್ದವು. ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ಓರೆಯಾಗಿ ನೆಲವನ್ನು ನೋಡುತ್ತಿದ್ದವು. ಓರೆಯಾಗಿ ತೆಗೆದ ಚಿತ್ರದಲ್ಲಿ ಎತ್ತರದ ಜಾಗಗಳು ನೆಲೆ ತಪ್ಪುತ್ತವೆ. ಮುಂದಿನ ಕ್ಯಾಮೆರಾದ ಚಿತ್ರವನ್ನು, ನೆಲವೆಲ್ಲ ಸಮುದ್ರಮಟ್ಟದಲ್ಲೇ ಇದೆಯೆಂದುಕೊಂಡು ನಕ್ಷೆಯ ಮೇಲೆ ಹಾಸಿದರೆ, ಸುಮಾರು 1,890 ಮೀಟರ್ ಎತ್ತರದ ಕುದುರೆಮುಖದ ನೆತ್ತಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ. ಕರಾವಳಿಯ ತೆಂಗಿನ ತೋಟ ಮಾತ್ರ ಇದ್ದಲ್ಲೇ ಇರುತ್ತದೆ. ಪ್ರತಿ ಬಿಂದುವನ್ನೂ ನೇರ ಮೇಲಿನಿಂದ ಕಂಡಂತೆ ಅದರದೇ ಜಾಗಕ್ಕೆ ತರುವ ಕೆಲಸಕ್ಕೆ ಆರ್ಥೋರೆಕ್ಟಿಫಿಕೇಷನ್ ಎನ್ನುತ್ತಾರೆ.

ಮೊದಲೆಲ್ಲ ಇಡೀ ಚಿತ್ರವನ್ನು ತಿದ್ದಿ, ಇನ್ನೊಂದು ದೊಡ್ಡ ಕಡತವಾಗಿ ಉಳಿಸಿಡುತ್ತಿದ್ದರು. ಈಗ ಮೂಲ ಚಿತ್ರವನ್ನು ಮುಟ್ಟದೆ, ನೋಡುವವರ ಪರದೆಯಲ್ಲಿ ಕಾಣುವಷ್ಟು ಭಾಗವನ್ನು ಮಾತ್ರ ಆ ಕ್ಷಣದಲ್ಲೇ ತಿದ್ದಿ ತೋರಿಸಬಹುದು.

ಇದರ ಜಾಣ್ಮೆಯಿರುವುದು ಲೆಕ್ಕವನ್ನು ಹಿಂದುಮುಂದು ಮಾಡಿದ್ದರಲ್ಲಿ. ಚಿತ್ರದ ಪಿಕ್ಸೆಲ್‌ಗಳನ್ನು ಒಂದೊಂದಾಗಿ ನೆಲಕ್ಕೆ ಇಳಿಸುತ್ತ ಹೋದರೆ ಕೆಲವು ಕಡೆ ಒಂದರ ಮೇಲೊಂದು ಬೀಳುತ್ತವೆ, ಕೆಲವು ಕಡೆ ತೂತು ಉಳಿಯುತ್ತದೆ. ಹಾಗಾಗಿ ನೆಲದಿಂದಲೇ ಹೊರಡುತ್ತಾರೆ. ಪರದೆಯ ಒಂದು ಚುಕ್ಕೆಯ ಅಕ್ಷಾಂಶ, ರೇಖಾಂಶ ಗೊತ್ತು. ನೆಲದ ಏರಿಳಿತವನ್ನು ದಾಖಲಿಸಿದ ಎತ್ತರದ ಮಾದರಿಯಿಂದ ಆ ಜಾಗದ ಎತ್ತರ ಸಿಗುತ್ತದೆ. ಈ ಮೂರನ್ನೂ ಒಂದು ಸೂತ್ರಕ್ಕೆ ಕೊಟ್ಟರೆ, ಮೂಲ ಚಿತ್ರದಲ್ಲಿ ಆ ಜಾಗ ಯಾವ ಸಾಲು, ಯಾವ ಕಂಬಸಾಲಿನಲ್ಲಿದೆ ಎಂಬ ಉತ್ತರ ಬರುತ್ತದೆ. ಅದು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳ ನಡುವೆ ಎಲ್ಲೋ ಬೀಳುತ್ತದೆ. ನಾಲ್ಕರ ಬಣ್ಣವನ್ನೂ ದೂರಕ್ಕೆ ತಕ್ಕಂತೆ ಬೆರೆಸಿದರಾಯಿತು.

ಆ ಸೂತ್ರ ಚಿತ್ರದ ಜೊತೆಗೇ ಬರುತ್ತದೆ. ಮೂರನೆಯ ಘಾತದ ನಾಲ್ಕು ಬಹುಪದಗಳು, ಒಂದೊಂದರಲ್ಲೂ 20 ಗುಣಾಂಕ, ಒಟ್ಟು 80 ಸಂಖ್ಯೆ. ಉಪಗ್ರಹದ ಪಥ, ವಾಲಿಕೆ, ಮಸೂರದ ಗುಣ ಎಲ್ಲವನ್ನೂ ಈ 80 ಸಂಖ್ಯೆಗಳು ಹಿಡಿದಿಡುತ್ತವೆ. ಇಷ್ಟು ಚಿಕ್ಕ ಗಂಟಿನಲ್ಲಿ ಇಷ್ಟು ದೊಡ್ಡ ಸಂಗತಿ ಅಡಗಿರುವುದು ನನಗೆ ಇಂದಿಗೂ ಬೆರಗು.

ವೇಗಕ್ಕೆ ಅಡ್ಡದಾರಿಯೂ ಇದೆ. ಜಿಡಾಲ್ ಎಂಬ ಮುಕ್ತ ತಂತ್ರಾಂಶ ಒಂದು ಸಾಲಿನ ಎರಡು ತುದಿ ಮತ್ತು ನಡುವನ್ನು ಮಾತ್ರ ಲೆಕ್ಕ ಹಾಕಿ, ನಡುವಿನ ಲೆಕ್ಕಕ್ಕೂ ತುದಿಗಳಿಂದ ಮಾಡಿದ ಅಂದಾಜಿಗೂ ಇರುವ ವ್ಯತ್ಯಾಸ ಪಿಕ್ಸೆಲ್‌ನ ಎಂಟನೇ ಒಂದು ಭಾಗದೊಳಗಿದ್ದರೆ ಉಳಿದದ್ದನ್ನು ಅಂದಾಜಿನಲ್ಲಿ ತುಂಬಬಲ್ಲದು. ಆದರೆ ಎತ್ತರದ ಮಾದರಿ ಸೇರಿದಾಗ, ಬೇರೆ ಸೂಚನೆ ಕೊಡದಿದ್ದರೆ, ಅದು ಈ ದಾರಿ ಬಿಟ್ಟು ಪ್ರತಿ ಚುಕ್ಕೆಯನ್ನೂ ಲೆಕ್ಕ ಹಾಕುತ್ತದೆ. ಮೂರು ಕಡೆ ನೋಡಿ ನಡುವಿನ ಕಮರಿಯನ್ನು ಊಹಿಸಲಾಗದು. ಆ ಎಚ್ಚರ ನನಗೆ ತುಂಬ ಮೆಚ್ಚುಗೆ.

ಇನ್ನೊಂದು ಎಚ್ಚರ ನಮ್ಮ ನಾಡಿಗೆ ವಿಶೇಷವಾಗಿ ಬೇಕು. ಎತ್ತರದ ಮಾದರಿಗಳು ಹೆಚ್ಚಾಗಿ ಸಮುದ್ರಮಟ್ಟದಿಂದ ಅಳೆಯುತ್ತವೆ. ಸೂತ್ರ ಮಾತ್ರ ಭೂಮಿಯ ಗಣಿತದ ಆಕಾರದಿಂದ ಅಳೆದ ಎತ್ತರ ಕೇಳುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವ ಕಡಿಮೆಯಿರುವುದರಿಂದ ದಕ್ಷಿಣ ಭಾರತದಲ್ಲಿ ಇವೆರಡರ ಅಂತರ ದೊಡ್ಡದು. ಬೆಂಗಳೂರಿನ ಬಳಿ ಸುಮಾರು 86 ಮೀಟರ್. ಇದನ್ನು ಮರೆತರೆ ಕಾರ್ಟೋಸ್ಯಾಟ್‌ನ ಮುಂದಿನ ಕ್ಯಾಮೆರಾದ ಚಿತ್ರವೆಲ್ಲ 40 ಮೀಟರಿಗೂ ಹೆಚ್ಚು ಸರಿಯುತ್ತದೆ. ಒಂದು ಪಿಕ್ಸೆಲ್ ಎಂದರೆ 2.5 ಮೀಟರ್, ಅಂದರೆ ಹದಿನಾರಕ್ಕೂ ಹೆಚ್ಚು ಪಿಕ್ಸೆಲ್ ತಪ್ಪು.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದಂಥ ಭೂಕುಸಿತದಲ್ಲಿ, ಹಿಂದಿನ ಮತ್ತು ಈಗಿನ ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂತರೆ ಮಾತ್ರ ಯಾವ ತೋಟ, ಯಾವ ರಸ್ತೆ ಹೋಯಿತೆಂದು ತಿಳಿಯುತ್ತದೆ. ಎತ್ತರದ ಮಾದರಿಯಲ್ಲಿ ಇರುವುದು ಕುಸಿಯುವ ಮುಂಚಿನ ಗುಡ್ಡ. ಆದ್ದರಿಂದ ಮಣ್ಣು ಜಾರಿದ ಜಾಗದಲ್ಲೇ ಕೆಲವು ಮೀಟರ್ ತಪ್ಪು ಉಳಿಯುತ್ತದೆ. ಹೊಸ ಅಳತೆ ಬಂದ ದಿನ ಮಾದರಿಯನ್ನಷ್ಟೇ ಬದಲಿಸಿದರೆ ಸಾಕು, ಅದೇ ಮೂಲ ಚಿತ್ರ ಹೊಸ ಲೆಕ್ಕದಲ್ಲಿ ಮೂಡುತ್ತದೆ.