ಮನೆಗೂ ಉಸಿರು ಬೇಕು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮದುವೆಯ ಗದ್ದಲವಾದರೋ ನಾಲ್ಕು ದಿನಗಳಲ್ಲಿ ಮುಗಿದುಹೋಗುತ್ತದೆ. ಮನೆ ಕಟ್ಟಿಸುವಾಗ ಆದ ತಪ್ಪನ್ನಾದರೆ ಮನೆಮಂದಿಯೆಲ್ಲರೂ ನಲವತ್ತು ವರ್ಷ ಅನುಭವಿಸಬೇಕಾಗುತ್ತದೆ. ಪ್ರಾವಿಡೆಂಟ್ ಫಂಡಿನ ಹಣ, ಬ್ಯಾಂಕಿನ ಸಾಲ, ಮನೆಯೊಡತಿಯ ನಾಲ್ಕು ಬಳೆ ಇವೆಲ್ಲವೂ ಸೇರಿ ಎದ್ದು ನಿಂತ ಮನೆಯಲ್ಲಿ ನೆಲಕ್ಕೆ ಗ್ರಾನೈಟು ಇರುತ್ತದೆ, ತಲೆಬಾಗಿಲಿಗೆ ತೇಗವಿರುತ್ತದೆ, ಗೋಡೆಗೆ ಹೊಳೆಯುವ ಬಣ್ಣವಿರುತ್ತದೆ. ಆದರೆ ಗಾಳಿಯೊಂದು ಮಾತ್ರ ಇರುವುದಿಲ್ಲ.

ಗಾಳಿಯಿಲ್ಲದ ಮನೆಯನ್ನು ಗುರುತಿಸುವುದು ಕಷ್ಟವೇನಲ್ಲ. ಬೆಳಗಿನ ಒಗ್ಗರಣೆಯ ವಾಸನೆ ರಾತ್ರಿ ಮಲಗುವ ಕೊಠಡಿಯಲ್ಲಿ ಉಳಿದಿರುತ್ತದೆ. ಬೀರುವಿನೊಳಗಿನ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಮಕ್ಕಳ ಕೆಮ್ಮು ಬಿಡುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೂ ವಿದ್ಯುದ್ದೀಪ ಬೇಕೇ ಬೇಕಾಗುತ್ತದೆ. ಇವೆಲ್ಲವೂ ಆ ಮನೆಗೆ ಉಸಿರು ಕಟ್ಟಿದೆಯೆಂಬುದರ ಲಕ್ಷಣಗಳು.

ಹಿರಿಯರು ಕಂಡುಕೊಂಡ ಬಗೆ

ನಮ್ಮ ಹಿರಿಯರ ತೊಟ್ಟಿಯ ಮನೆಯಲ್ಲಿ ನಡುಮನೆಯ ಮೇಲ್ಭಾಗ ಬಯಲಾಗಿರುತ್ತಿತ್ತು. ಸುತ್ತಲಿನ ಕೊಠಡಿಗಳ ಬಿಸಿಗಾಳಿ ಅಲ್ಲಿಂದ ಮೇಲೇರಿ ಹೋಗುತ್ತಿತ್ತು; ಆ ಸ್ಥಳವನ್ನು ತುಂಬಲು ಬಾಗಿಲು ಕಿಟಕಿಗಳಿಂದ ತಂಪುಗಾಳಿ ಒಳಬರುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತಯಾರಿಸತೊಡಗಿದ ಹೆಂಚು ನಾಡಿನಾದ್ಯಂತ ಹರಡುವುದಕ್ಕೆ ಅದರ ಬಾಳಿಕೆಯೊಂದೇ ಕಾರಣವಲ್ಲ. ಹೆಂಚು ಹೆಂಚುಗಳ ನಡುವಣ ಸಂದಿಗಳಿಂದ ಬಿಸಿಗಾಳಿ ಸದ್ದಿಲ್ಲದೆ ಹೊರಬೀಳುತ್ತದೆ.

ಗಾಳಿ ಬೆಳಕುಗಳ ಬೆಲೆಯನ್ನು ನಗರದವರು ಕಲಿತದ್ದು ಕಷ್ಟಕಾಲದಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಾಗ ಪೇಟೆಯ ಇಕ್ಕಟ್ಟಾದ ಬೀದಿಗಳು ತತ್ತರಿಸಿದವು. ಆ ಕಾಲದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೇರವಾದ ಅಗಲ ರಸ್ತೆಗಳು, ಮನೆಗಳ ಹಿಂಬದಿಯಲ್ಲಿ ಓಣಿ, ಮನೆಯ ಸುತ್ತ ತೆರಪು ಇವೆಲ್ಲ ಕಾಣಿಸಿಕೊಂಡವು. ಮೈಸೂರಿನಲ್ಲಿಯೂ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಲಿ ಸ್ಥಾಪನೆಯಾಯಿತು. ಅಂದು ಬಿಟ್ಟ ತೆರಪನ್ನು ಇಂದು ನಾವು ಅಂಗುಲ ಅಂಗುಲವಾಗಿ ನುಂಗುತ್ತಿದ್ದೇವೆ. ಪಕ್ಕದ ಮನೆಯವರೂ ನಾವೂ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮೇಲೆ, ಎರಡು ಮನೆಗಳ ಕಿಟಕಿಗಳೂ ಹೆಸರಿಗೆ ಮಾತ್ರ ಕಿಟಕಿಗಳಾಗುತ್ತವೆ.

ಬಂದ ಗಾಳಿ ಹೋಗಲೂ ಬೇಕು

ಕಿಟಕಿ ದೊಡ್ಡದಾದರೆ ಗಾಳಿ ತಾನಾಗಿಯೇ ಬರುತ್ತದೆಂದು ಅನೇಕರು ತಿಳಿದಿರುತ್ತಾರೆ. ಹೋಗಲು ದಾರಿಯಿಲ್ಲದ ಕೊಠಡಿಗೆ ಗಾಳಿ ಹೊಗುವುದಿಲ್ಲ. ಒಂದೇ ಗೋಡೆಯಲ್ಲಿ ಎರಡು ಕಿಟಕಿಗಳನ್ನು ಇಡುವುದಕ್ಕಿಂತ, ಎದುರುಬದುರಿನ ಗೋಡೆಗಳಲ್ಲಿ, ಅದಾಗದಿದ್ದಲ್ಲಿ ಪಕ್ಕದ ಗೋಡೆಯಲ್ಲಿ ಒಂದೊಂದನ್ನು ಇಡುವುದು ಮೇಲು. ಅದಕ್ಕೂ ಅವಕಾಶವಿಲ್ಲದಿದ್ದರೆ ಒಳಬಾಗಿಲಿನ ಮೇಲೆ ಒಂದು ಗವಾಕ್ಷಿಯನ್ನಾದರೂ ಬಿಡಬೇಕು. ಮೇಲೇರಿದ ಬಿಸಿಗಾಳಿ ಅಲ್ಲಿಂದ ಹೊರಹೋಗುತ್ತದೆ. ಹಳೆಯ ಮನೆಗಳಲ್ಲಿ ಸೂರಿನ ಕೆಳಗೆ ಇರುತ್ತಿದ್ದ ಚಿಕ್ಕ ಗವಾಕ್ಷಿಗಳನ್ನು ‘ಧೂಳು ಬರುತ್ತದೆ’ ಎಂದು ಮುಚ್ಚಿಸುವವರು ಈ ಮಾತನ್ನು ಗಮನಿಸಬೇಕು.

ನಮ್ಮ ದಕ್ಷಿಣ ಮೈದಾನದಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯಗಳಿಂದ ಬೀಸುತ್ತದೆ. ಚಳಿಗಾಲದಲ್ಲಿ ಪೂರ್ವ, ಈಶಾನ್ಯಗಳಿಂದ. ಆದುದರಿಂದ ಪೂರ್ವ ಪಶ್ಚಿಮಗಳೆರಡಕ್ಕೂ ತೆರೆದಿರುವ ಮನೆ ವರ್ಷವಿಡೀ ಹಿತವಾಗಿರುತ್ತದೆ. ಆದರೆ ಪಶ್ಚಿಮದ ಕಿಟಕಿಗೆ ಅಗಲವಾದ ಸಜ್ಜವಾಗಲಿ ಮರದ ನೆರಳಾಗಲಿ ಇರಲೇಬೇಕು. ಸಂಜೆಯ ಬಿಸಿಲು ಓರೆಯಾಗಿ ಕೊಠಡಿಯೊಳಗೆ ಆಳವಾಗಿ ನುಗ್ಗುತ್ತದೆ.

ಇನ್ನು ಅಳತೆಯ ವಿಚಾರ. 1970ರಲ್ಲಿ ಮೊದಲು ಹೊರಬಂದು 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ, ಬಾಗಿಲನ್ನು ಬಿಟ್ಟು ಕಿಟಕಿಗಳ ವಿಸ್ತೀರ್ಣವು ಕೊಠಡಿಯ ನೆಲದ ವಿಸ್ತೀರ್ಣದಲ್ಲಿ ಒಣಸೆಕೆಯ ಪ್ರದೇಶದಲ್ಲಿ ಹತ್ತರಲ್ಲೊಂದು ಭಾಗ, ಕರಾವಳಿಯಂತಹ ತೇವಸೆಕೆಯ ಪ್ರದೇಶದಲ್ಲಿ ಆರರಲ್ಲೊಂದು ಭಾಗ, ನಡುತರದ ಹವೆಯಲ್ಲಿ ಎಂಟರಲ್ಲೊಂದು ಭಾಗವಾದರೂ ಇರಬೇಕು. 10 ಅಡಿ ಅಗಲ 12 ಅಡಿ ಉದ್ದದ ಕೊಠಡಿಯ ನೆಲ 120 ಚದರ ಅಡಿ. ಇದಕ್ಕೆ ಕಲಬುರಗಿಯಲ್ಲಿ 12, ಮಂಗಳೂರಿನಲ್ಲಿ 20 ಚದರ ಅಡಿಯ ಕಿಟಕಿ ಬೇಕಾಯಿತು. ಈಗ ಎಲ್ಲೆಡೆ ಹಾಕಿಸುತ್ತಿರುವ, ಪಕ್ಕಕ್ಕೆ ಜರುಗುವ ಎರಡು ಗಾಜಿನ ಕಿಟಕಿಯಲ್ಲಿ ಒಂದು ಸಲಕ್ಕೆ ಅರ್ಧ ಭಾಗ ಮಾತ್ರ ತೆರೆಯುತ್ತದೆ. ಅಂದಮೇಲೆ 4 ಅಡಿಗೆ 3 ಅಡಿಯ ಕಿಟಕಿಗೆ ಹಣ ಕೊಟ್ಟವರಿಗೆ ಗಾಳಿ ದೊರೆಯುವುದು 6 ಚದರ ಅಡಿಯಿಂದ. ಹೊರಕ್ಕೆ ತೆರೆಯುವ ಹಳೆಯ ಬಗೆಯ ಕದಗಳು ಈ ದೃಷ್ಟಿಯಿಂದ ಲಾಭದಾಯಕ.

ಅಡಿಗೆಮನೆ, ಬಚ್ಚಲುಮನೆ

ದಿನದ ಹೆಚ್ಚು ಹೊತ್ತನ್ನು ಗೃಹಿಣಿ ಕಳೆಯುವ ಸ್ಥಳಕ್ಕೆ ನಕ್ಷೆಯಲ್ಲಿ ಕೊನೆಯ ಮೂಲೆ ದೊರೆಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಅಡಿಗೆಮನೆಯ ಒಂದು ಗೋಡೆಯಾದರೂ ಬಯಲಿಗೆ ತಾಗಿರಬೇಕು. ಹೊಗೆಯನ್ನು ಹೊರದೂಡುವ ಫ್ಯಾನು ಒಲೆಯ ಬಳಿಯಲ್ಲಿ, ಎತ್ತರದಲ್ಲಿರಲಿ. ಅದು ಕೆಲಸ ಮಾಡಬೇಕಾದರೆ ಬೇರೊಂದು ಕಡೆಯಿಂದ ಗಾಳಿ ಒಳಬರುತ್ತಿರಬೇಕು. ಅಡಿಗೆ ಅನಿಲವು ಗಾಳಿಗಿಂತ ಭಾರವಾದದ್ದು. ಸೋರಿದರೆ ನೆಲದ ಮಟ್ಟದಲ್ಲಿ ಹರಡಿಕೊಳ್ಳುತ್ತದೆ. ಆದುದರಿಂದ ಹೊರಗೋಡೆಯಲ್ಲಿ ನೆಲಕ್ಕೆ ಸಮೀಪವಾಗಿ ಒಂದು ಜಾಲರಿಯ ಕಿಂಡಿಯನ್ನು ಬಿಡಿಸುವುದು ಒಳ್ಳೆಯದು.

ಇದಕ್ಕಿಂತ ಗಂಡಾಂತರದ ವಿಷಯವೊಂದಿದೆ. ಬಚ್ಚಲುಮನೆಯ ಒಳಗೆ ಗ್ಯಾಸ್ ಗೀಸರನ್ನು ಕೂರಿಸಿ, ಚಳಿಯೆಂದು ಕಿಂಡಿ ಬಾಗಿಲುಗಳನ್ನು ಭದ್ರಪಡಿಸಿ ಸ್ನಾನಕ್ಕಿಳಿದವರು ಮತ್ತೆ ಹೊರಬರದ ದಾರುಣ ವಾರ್ತೆಗಳನ್ನು ನಾವು ಪತ್ರಿಕೆಗಳಲ್ಲಿ ಪದೇ ಪದೇ ಓದುತ್ತಿದ್ದೇವೆ. ಇಕ್ಕಟ್ಟಾದ ಸ್ಥಳದಲ್ಲಿ ಅನಿಲ ಉರಿಯುತ್ತ ಹೋದಂತೆ ಆಮ್ಲಜನಕ ಕ್ಷೀಣಿಸುತ್ತದೆ. ಉರಿ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಆಕ್ರಮಿಸಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇಷ್ಟರಲ್ಲೇ ಪ್ರಜ್ಞೆ ತಪ್ಪುತ್ತದೆ. ಬಾಗಿಲಿನ ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿಯುವುದಿಲ್ಲ.

ಪರಿಹಾರ ಸುಲಭ. ಗೀಸರೂ ಸಿಲಿಂಡರೂ ಬಚ್ಚಲಿನ ಹೊರಗೆ, ಬಯಲುಗಾಳಿ ಆಡುವೆಡೆಯಲ್ಲಿ ಇರಲಿ. ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಬರಲಿ. ಬಚ್ಚಲಿಗೆ ಎಂದೂ ಮುಚ್ಚಲಾಗದ ಕಿಂಡಿಯಿರಲಿ. ಉರಿ ನೀಲಿಯಾಗಿರಬೇಕು, ಹಳದಿಯಾದರೆ ಕೂಡಲೇ ನಿಲ್ಲಿಸಿ ರಿಪೇರಿ ಮಾಡಿಸಬೇಕು. ಸ್ನಾನಕ್ಕೆ ಹೋದವರು ಕರೆದರೆ ಓಗೊಡದಿದ್ದಲ್ಲಿ ಸಂಕೋಚ ಬೇಡ: ಬಾಗಿಲು ಒಡೆದು, ಅನಿಲವನ್ನು ನಿಲ್ಲಿಸಿ, ಅವರನ್ನು ಬಯಲಿಗೆ ತಂದು ಆಸ್ಪತ್ರೆಗೆ ಸಾಗಿಸಬೇಕು.

ಗೋಡೆಯ ತೇವಕ್ಕೆ ಬಣ್ಣ ಮದ್ದಲ್ಲ

ಗೋಡೆಯಲ್ಲಿ ತೇವ ಕಂಡೊಡನೆ ಬಣ್ಣದ ಅಂಗಡಿಗೆ ಓಡುವುದು, ಜ್ವರ ಬಂದವನಿಗೆ ಹೊಸ ಅಂಗಿ ತೊಡಿಸಿದಂತೆ. ಮೊದಲು ಮೂಲವನ್ನು ಹುಡುಕಬೇಕು. ನೆಲದಿಂದ ಎರಡು ಮೂರು ಅಡಿಯವರೆಗೆ ತೇವವೇರಿ, ಬಿಳಿಯ ಉಪ್ಪು ಹೂವಿನಂತೆ ಅರಳಿದ್ದರೆ, ಭೂಮಿಯ ನೀರು ಗೋಡೆಯನ್ನು ಹತ್ತುತ್ತಿದೆಯೆಂದು ತಿಳಿಯಬೇಕು. ಪಾಯದ ಮೇಲೆ ತೇವ ತಡೆಯುವ ಪದರವನ್ನು ಹಾಕದಿದ್ದುದರ ಫಲವಿದು. ಮೇಲಿನಿಂದ ಇಳಿದ ಕಲೆ ತಾರಸಿಯ ಬಿರುಕನ್ನೋ ನೀರು ನಿಲ್ಲುವುದನ್ನೋ ಹೇಳುತ್ತದೆ. ಬಚ್ಚಲಿನ ಪಕ್ಕದ ಗೋಡೆಯಲ್ಲಿ ಮಚ್ಚೆಯಾಗಿದ್ದರೆ ಕೊಳವೆಯ ಸೋರಿಕೆ. ಬೀರುವಿನ ಹಿಂದೆ, ಮೂಲೆಯಲ್ಲಿ ಕಪ್ಪು ಬೂಷ್ಟು ಬೆಳೆದಿದ್ದರೆ ಬಹುಪಾಲು ಗಾಳಿಯಾಡದಿರುವುದೇ ಕಾರಣ. ಬೀರುವನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದರೇ ಎಷ್ಟೋ ವಾಸಿ.

ಸಂದೇಹವಿದ್ದಲ್ಲಿ ಒಂದು ಸುಲಭ ಪರೀಕ್ಷೆ: ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕು ಅಂಚನ್ನೂ ಅಂಟುಪಟ್ಟಿಯಿಂದ ಮುಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ ಹನಿ ಕಂಡರೆ ತೇವ ಗೋಡೆಯೊಳಗಿನದು. ಮುಂಬದಿಯಲ್ಲಿ ಕಂಡರೆ ಕೊಠಡಿಯ ಹವೆಯದು. ಮಣ್ಣು, ಸುಣ್ಣದ ಗಾರೆಗಳಿಂದ ಕಟ್ಟಿದ ಹಳೆಯ ಗೋಡೆಗೆ ಸಿಮೆಂಟು ಮೆತ್ತಿಸುವುದು ಬೇಡ. ಸುಣ್ಣದ ಗೋಡೆ ತೇವವನ್ನು ಹೊರಹಾಕುತ್ತಿರುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚಿ ತೇವವನ್ನು ಒಳಗೇ ಕೂಡಿಹಾಕುತ್ತದೆ. ಸ್ವಲ್ಪ ಕಾಲದಲ್ಲಿ ಆ ಸಿಮೆಂಟೇ ಹೆಕ್ಕಳಿಕೆಯಾಗಿ ಉದುರುತ್ತದೆ.

ಹಳೆಯ ಮನೆಗೆ ಕೈ ಹಾಕುವ ಮುನ್ನ

ಮಗನ ಮದುವೆಗೆಂದು ಮೇಲೊಂದು ಕೋಣೆ, ಹಜಾರ ದೊಡ್ಡದಾಗಲೆಂದು ನಡುವಣ ಗೋಡೆಯ ನಾಶ, ಕಳ್ಳರ ಭಯಕ್ಕೆ ತೊಟ್ಟಿಯ ಮೇಲೆ ಗಾಜು, ಇವು ಮೂರು ನಮ್ಮ ಮಧ್ಯಮ ವರ್ಗದ ಮನೆಗಳ ಸಾಮಾನ್ಯ ದುರಸ್ತಿಗಳು. ಮೂರರಲ್ಲೂ ಎಚ್ಚರಿಕೆ ಬೇಕು.

ಕಬ್ಬಿಣ ಸೇರಿದ ಕಾಂಕ್ರೀಟು ಘನಮೀಟರಿಗೆ ಸುಮಾರು 2,500 ಕಿಲೋಗ್ರಾಂ ತೂಗುತ್ತದೆ. ಐದು ಅಂಗುಲ ದಪ್ಪದ ತಾರಸಿ ಹಾಕಿದರೆ 10 ಅಡಿ ಚದರದ ಒಂದು ಕೊಠಡಿಯ ಮೇಲೇ ಮೂರು ಟನ್ನಿನಷ್ಟು ಭಾರ ಬಿದ್ದಂತಾಯಿತು. ಗೋಡೆ, ಸಾಮಾನು, ಜನರ ತೂಕ ಬೇರೆ. ಹೆಂಚಿನ ಛಾವಣಿಯನ್ನು ಮಾತ್ರ ಹೊರಲೆಂದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಗೆ ಇದು ತಾಳಲಾಗದ ಹೊರೆ. ಕಂಬಗಳಿಲ್ಲದ ಮನೆಯಲ್ಲಿ ಗೋಡೆಯೇ ಕಂಬ. ಅದನ್ನು ಕೆಡವುವ ಮುನ್ನ ‘ಏನೂ ಆಗುವುದಿಲ್ಲ ಸ್ವಾಮಿ’ ಎಂಬ ಮೇಸ್ತ್ರಿಯ ಅಭಯ ಸಾಲದು. ಕಟ್ಟಡದ ಬಲವನ್ನು ಲೆಕ್ಕಹಾಕಬಲ್ಲ ಇಂಜಿನಿಯರರಿಗೆ ತೆರುವ ಶುಲ್ಕ ದುಬಾರಿಯೆನಿಸಬಾರದು.

ತೊಟ್ಟಿಗೆ ಗಾಜು ಹಾಕಿಸುವುದಾದರೆ ಗಾಜನ್ನು ಒಂದಡಿ ಎತ್ತರಿಸಿ, ಸುತ್ತಲೂ ಜಾಲರಿ ಬಿಡಿಸಿ. ಇಲ್ಲವಾದರೆ ಬಿಸಿಲು ಒಳಬಂದು, ಬಿಸಿ ಹೊರಹೋಗದೆ ನಡುಮನೆ ಕುಲುಮೆಯಾದೀತು. ಹಿತ್ತಿಲಿನ ಹಳೆಯ ಕಲ್ನಾರಿನ ಷೀಟುಗಳನ್ನು ಒಡೆಯುವುದಾಗಲಿ ಗರಗಸದಿಂದ ಕೊಯ್ಯುವುದಾಗಲಿ ಕೂಡದು. ಅದರ ನಾರುಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಒದ್ದೆ ಮಾಡಿ ಇಡಿಯಾಗಿಯೇ ಇಳಿಸಬೇಕು.

ಬೆಂಗಳೂರು, ಮೈಸೂರುಗಳಲ್ಲಿ ಏಪ್ರಿಲ್ ಉತ್ತರಾರ್ಧದ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆಗ ಕಾಯುವುದು ಗೋಡೆಗಿಂತಲೂ ತಾರಸಿಯೇ. ಬೇಸಗೆಗೆ ಮುಂಚೆ ತಾರಸಿಗೆ ಬಿಳಿಯ ಸುಣ್ಣ ಬಳಿಸಿದರೆ ಅಲ್ಪ ಖರ್ಚಿನಲ್ಲಿ ಕೆಳಗಿನ ಕೊಠಡಿ ತಂಪಾಗುತ್ತದೆ.

ಕೊನೆಗೊಂದು ಸೂಚನೆ. ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಮನೆಯವರೆಲ್ಲ ಕೂಡಿ ಕುಳಿತು, ಗೃಹಿಣಿಯ ಮಾತನ್ನು ಮೊದಲು ಕೇಳಿ, ಪ್ರತಿಯೊಂದು ಕೊಠಡಿಗೂ ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆಂದು ಬೆರಳಿಟ್ಟು ತೋರಿಸಿಕೊಳ್ಳಬೇಕು. ಕಟ್ಟಿರುವ ಮನೆಯಾದರೆ ಒಂದು ಊದಿನಕಡ್ಡಿ ಹಚ್ಚಿ, ಫ್ಯಾನು ನಿಲ್ಲಿಸಿ, ಕಿಟಕಿ ತೆರೆದು ಕೊಠಡಿಯ ನಡುವೆ ಇಡಿ. ಹೊಗೆ ಒಂದು ಕಡೆಗೆ ವಾಲಿ ಹೊರಟುಹೋದರೆ ಆ ಕೊಠಡಿಗೆ ಉಸಿರಿದೆ. ನಿಂತಲ್ಲೇ ಮೇಲೇರಿ ಛಾವಣಿಯ ಕೆಳಗೆ ಮಡುಗಟ್ಟಿದರೆ, ಹೊಸ ಬಣ್ಣಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಅಲ್ಲೊಂದು ಗವಾಕ್ಷಿಯನ್ನು ತೆರೆಸಿ.